ಹೊರಹೋದ ವೇಳೆ

ಬೆಳಗಾವಿಯ ಕ್ಯಾಂಪಿನಲ್ಲಿ ಏನಾದರೂ ಕೆಲಸವಿದ್ದು ಸೇನೆಯ ಗೇಟಿನ ಮುಂದೆ ನಿಂತವರಿಗೆ ಆ ಉದ್ದನೆಯ ರಿಜಿಸ್ಟರಿನ ಪರಿಚಯ ಇದ್ದೇ ಇರುತ್ತದೆ. ಹೆಸರು, ಗಾಡಿ ನಂಬರು, ಯಾರನ್ನು ಕಾಣಬೇಕು, ಒಳಬಂದ ವೇಳೆ, ಸಹಿ. ಪಕ್ಕದಲ್ಲಿ ಒಂದು ಕಾಲಂ ಖಾಲಿ ಉಳಿದಿರುತ್ತದೆ: ಹೊರಹೋದ ವೇಳೆ. ಕೆಲಸ ಮುಗಿಸಿ ಅವಸರದಲ್ಲಿ ಹಾಗೇ ಬೈಕು ತಿರುಗಿಸಿದರೆ ಕಾವಲಿನ ಜವಾನ ಕೈ ಅಡ್ಡ ಹಾಕಿ ವಾಪಸ್ ಕರೆಯುತ್ತಾನೆ. ಆ ಚೌಕ ತುಂಬದೆ ನೀವು ಹೊರಗೆ ಹೋದ ಲೆಕ್ಕಕ್ಕೆ ಬರುವುದಿಲ್ಲ.

1818ರಲ್ಲಿ ಥಾಮಸ್ ಮನ್ರೋ ಬೆಳಗಾವಿ ಕೋಟೆಯನ್ನು ಹಿಡಿದ ಮೇಲೆ ಬೆಳೆದ ದಂಡಿನ ಪ್ರದೇಶ ಇದು. ಮರಾಠಾ ಲೈಟ್ ಇನ್‌ಫಂಟ್ರಿಯ ರೆಜಿಮೆಂಟಲ್ ಸೆಂಟರ್ ಇಲ್ಲೇ ಇದೆ. ಕರ್ನಾಟಕದಲ್ಲಿ ಕಂಟೋನ್ಮೆಂಟ್ ಬೋರ್ಡಿನ ಆಡಳಿತಕ್ಕೆ ಸೇರಿದ ಪ್ರದೇಶ ಇದೊಂದೇ. ಹಾಗಾಗಿ ಇಲ್ಲಿಯವರಿಗೆ ಗೇಟು, ಪಾಸು, ಕಾವಲು ಎಲ್ಲ ಹಾಲು ಪೇಪರಿನಷ್ಟೇ ಮಾಮೂಲು. ಆದರೂ ಇದೇ ಕ್ಯಾಂಪಿನ ಬೀದಿಯೊಂದರ ಸಣ್ಣ ಕಚೇರಿಯಲ್ಲಿ ಕುಳಿತು ನಾವು ಮಾಡಿಕೊಂಡ ಎಡವಟ್ಟಿಗೆ ಕಾರಣ ಆ ಖಾಲಿ ಚೌಕವೇ ಆಗಿತ್ತು.

ಆಗ ನಾನು ಅಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೆ. ವ್ಯಾಪಾರ ಮಣ್ಣಿನ ಸಾಮಾನಿನದು: ಗಡಿಗೆ, ಹೂಜಿ, ಕುಂಡ, ಒಂದಿಷ್ಟು ಹಂಚು. ಖಾನಾಪುರದ ಮಣ್ಣು ಈ ಕೆಲಸಕ್ಕೆ ಹೆಸರಾದದ್ದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆಯೂ ಅಲ್ಲೇ ಇದೆ. ಗೋದಾಮು ಖಾನಾಪುರದಲ್ಲಿ, ಕಚೇರಿ ಕ್ಯಾಂಪಿನಲ್ಲಿ, ನಡುವೆ ಇಪ್ಪತ್ತಾರು ಕಿಲೋಮೀಟರ್ ರಸ್ತೆ. ಆ ದೂರವನ್ನು ಮುಚ್ಚಲು ನಾವು ಬಳಸುತ್ತಿದ್ದದ್ದು ಒಂದು ವಾಟ್ಸ್‌ಆ್ಯಪ್ ಗ್ರೂಪು, ಎಲ್ಲರೂ ತೆರೆದು ತಿದ್ದಬಹುದಾದ ಒಂದು ದಾಸ್ತಾನು ಶೀಟು, ಸೋಮವಾರಕ್ಕೊಂದು ವಿಡಿಯೋ ಮೀಟಿಂಗು. ದೊಡ್ಡ ಕಂಪನಿಗಳು ಟೀಮ್ಸ್, ಸ್ಲ್ಯಾಕ್, ಝೋಹೋ ಎಂದು ಹಣ ಕೊಟ್ಟು ತರಿಸಿಕೊಳ್ಳುವುದನ್ನೇ ನಾವು ಪುಕ್ಕಟೆ ಮಾಡಿಕೊಂಡಿದ್ದೆವು. ಕೂಡಿ ಕೆಲಸ ಮಾಡಲು ಒಂದು ಹರಟೆ ಕಟ್ಟೆ, ಒಂದು ಹಂಚಿಕೊಂಡ ಕಡತ, ಮುಖ ನೋಡಲು ಒಂದು ಕಿಟಕಿ. ಈ ಮೂರರ ಸುತ್ತಲೇ ಈ ತಂತ್ರಾಂಶಗಳೆಲ್ಲ ಹೆಣೆದುಕೊಂಡಿವೆ.

ಒಂದು ದಿನ ಖಾನಾಪುರದಿಂದ ಗೋದಾಮಿನ ಕಾಕಾ ಫೋನು ಮಾಡಿದರು.

"ಸರ, ನಮ್ಮ ರೇಟಿಗಿಂತ ಬರೋಬ್ಬರಿ ಎರಡ ರೂಪಾಯಿ ಕಮ್ಮಿ ಹಚ್ಚಿ ಪೈಪೋಟಿಯವ್ರು ಮಾಲು ಮಾರಾಕತ್ತಾರ. ಮೂರನೇ ಸಲಾರೀ ಇದು. ನಮ್ಮ ಫೋನು ಹ್ಯಾಕ್ ಆಗ್ಯಾವೇನ್ರಿ?"

ಸಂಜೆ ಕುಳಿತು ಗ್ರೂಪಿನ ಸದಸ್ಯರ ಪಟ್ಟಿ ತೆರೆದೆ. ಮೂವತ್ತೊಂದು ಹೆಸರು. ಅದರಲ್ಲಿ ಒಂಬತ್ತು ಜನ ಕೆಲಸ ಬಿಟ್ಟು ಹೋದವರು. ಒಂಬತ್ತರಲ್ಲಿ ಒಬ್ಬ ಈಗ ದುಡಿಯುತ್ತಿದ್ದದ್ದು ಆ ಎರಡು ರೂಪಾಯಿ ಕಮ್ಮಿಯವರ ಹತ್ತಿರವೇ. ಅವನು ಕಳ್ಳತನವನ್ನೇನೂ ಮಾಡಿರಲಿಲ್ಲ. ಬೆಳಿಗ್ಗೆ ಎದ್ದರೆ ನಮ್ಮ ದರಪಟ್ಟಿ ತಾನಾಗಿ ಅವನ ಫೋನಿಗೆ ಬಂದು ಬೀಳುತ್ತಿತ್ತು.

"ಯಾರೂ ಹ್ಯಾಕ್ ಮಾಡಿಲ್ರೀ ಕಾಕಾ. ನಾವ ದಿನಾ ಮುಟ್ಟಿಸೇವಿ" ಅಂದೆ.

ವಾಟ್ಸ್‌ಆ್ಯಪಿನ ಬೀಗ ಎಷ್ಟು ಗಟ್ಟಿಯಾದದ್ದು ಎನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಆಗಲೇ ನಮ್ಮ ಪೆದ್ದುತನದ ಪೂರ್ತಿ ಅಳತೆ ಸಿಗುತ್ತದೆ.

ಕ್ಯಾಂಪಿನಲ್ಲಿರುವ ನಾನು, ಖಾನಾಪುರದಲ್ಲಿರುವ ಕಾಕಾ. ನಮ್ಮಿಬ್ಬರಿಗೆ ಮಾತ್ರ ಗೊತ್ತಿರುವ ಒಂದು ಗುಟ್ಟಿನ ಸಂಖ್ಯೆ ಬೇಕು. ಆದರೆ ಮಾತಾಡುವುದು ಕಿಕ್ಕಿರಿದ ಬಸ್ಸಿನಲ್ಲಿ, ಎಲ್ಲರ ಕಿವಿಯೂ ಇತ್ತಲೇ. 1976ರವರೆಗೆ ಇದು ಆಗದ ಮಾತು ಎಂದೇ ಬಹುತೇಕರು ನಂಬಿದ್ದರು. ಆ ವರ್ಷ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್ ಹೀಗೆ ಮಾಡಿ ತೋರಿಸಿದರು. ಮೊದಲು ಬಸ್ಸಿನಲ್ಲೇ, ಎಲ್ಲರಿಗೂ ಕೇಳುವಂತೆ, ಎರಡು ಸಂಖ್ಯೆ ಗೊತ್ತು ಮಾಡಿಕೊಳ್ಳುತ್ತೇವೆ: 3 ಮತ್ತು 17. ಆಮೇಲೆ ನಾನು ಮನಸ್ಸಿನಲ್ಲಿ 5 ಅಂದುಕೊಳ್ಳುತ್ತೇನೆ. ಮೂರನ್ನು ಐದು ಸಲ ಗುಣಿಸಿದರೆ 243. ಅದನ್ನು 17ರಿಂದ ಭಾಗಿಸಿದರೆ ಉಳಿಯುವ ಶೇಷ 5. ಆ ಶೇಷವನ್ನು ಕೂಗಿ ಹೇಳುತ್ತೇನೆ. ಕಾಕಾ ಮನಸ್ಸಿನಲ್ಲಿ 7 ಇಟ್ಟುಕೊಳ್ಳುತ್ತಾರೆ. ಮೂರನ್ನು ಏಳು ಸಲ ಗುಣಿಸಿದರೆ 2187. 17ರಿಂದ ಭಾಗಿಸಿದ ಶೇಷ 11. ಅವರು ಅದನ್ನು ಕೂಗುತ್ತಾರೆ. ಈಗ ಅವರ 11ನ್ನು ನಾನು ನನ್ನ ಗುಟ್ಟಿನಷ್ಟು, ಅಂದರೆ ಐದು ಸಲ, ಗುಣಿಸಿ 17ರಿಂದ ಭಾಗಿಸಿದರೆ ಶೇಷ 10. ನನ್ನ 5ನ್ನು ಅವರು ಏಳು ಸಲ ಗುಣಿಸಿ ಭಾಗಿಸಿದರೂ ಶೇಷ ಅದೇ 10. ಹಾಳೆ ಪೆನ್ನು ತೆಗೆದುಕೊಂಡು ಮಾಡಿ ನೋಡಿ, ಐದು ನಿಮಿಷದ ಕೆಲಸ. ಹತ್ತು ಎಂಬ ಸಂಖ್ಯೆಯನ್ನು ಬಸ್ಸಿನಲ್ಲಿ ಯಾರೂ ಉಚ್ಚರಿಸಲಿಲ್ಲ, ಆದರೂ ಅದು ಇಬ್ಬರ ಬಳಿಯೂ ಬಂತು.

ಕುಂಬಾರರು ಕೆರೆಯ ಜೇಡಿ, ಹೊಲದ ಮಣ್ಣು ಎಂದು ಬೇರೆ ಬೇರೆ ಮಣ್ಣನ್ನು ತುಳಿದು ಹದ ಮಾಡುತ್ತಾರಲ್ಲ, ಹಾಗೆ ಇದು. ಬೆರೆಸುವುದು ಸುಲಭ, ಬೆರೆತ ಮುದ್ದೆಯನ್ನು ಕೈಗಿಟ್ಟು, ಇದರಲ್ಲಿ ಯಾವ ಮಣ್ಣು ಎಷ್ಟು ಹಾಕಿದ್ದೆ ಹೇಳು ಅಂದರೆ ಯಾರು ಹೇಳಿಯಾರು? ನಾವು ಹಿಡಿದ 17 ತೀರಾ ಸಣ್ಣದು, ಬಸ್ಸಿನಲ್ಲಿ ಕುಳಿತ ಜಾಣ ಹುಡುಗ ಒಂದೊಂದಾಗಿ ಹಾಕಿ ನೋಡಿ ಕಂಡುಹಿಡಿದುಬಿಡುತ್ತಾನೆ. ನಿಜದ ತಂತ್ರಾಂಶಗಳು ಇದೇ ತತ್ವವನ್ನು ವಕ್ರರೇಖೆಗಳ ಗಣಿತಕ್ಕೆ ಒಗ್ಗಿಸಿ ಬಳಸುತ್ತವೆ, ಅಲ್ಲಿನ ಸಂಖ್ಯೆಗಳು ಸುಮಾರು 77 ಅಂಕಿ ಉದ್ದ. ಸಿಗ್ನಲ್ ಆ್ಯಪಿನಲ್ಲಿರುವುದು ಅದೇ. 2016ರ ಏಪ್ರಿಲಿನಿಂದ ವಾಟ್ಸ್‌ಆ್ಯಪಿನಲ್ಲಿರುವುದೂ ಅದೇ. ನಡುದಾರಿಯಲ್ಲಿ ಕದ್ದು ಓದುವುದು ಇವತ್ತಿನ ಯಾವ ಕಂಪ್ಯೂಟರಿಗೂ ಸಾಧ್ಯವಾದ ಕೆಲಸವಲ್ಲ.

ಇಂಥ ಬೀಗ ಹಾಕಿದ ಮನೆಯೊಳಗೆ ನಾವು ಆ ಒಂಬತ್ತು ಜನರನ್ನು ಕೂರಿಸಿಕೊಂಡಿದ್ದೆವು.

ಇದು ಕ್ಯಾಂಪಿನ ಬೀದಿಯವರ ದಡ್ಡತನ ಮಾತ್ರ ಎಂದುಕೊಳ್ಳಬೇಡಿ. 2025ರ ಮಾರ್ಚಿನಲ್ಲಿ ಅಮೆರಿಕದ ಉಪಾಧ್ಯಕ್ಷ, ರಕ್ಷಣಾ ಕಾರ್ಯದರ್ಶಿ, ರಾಷ್ಟ್ರೀಯ ಭದ್ರತಾ ಸಲಹೆಗಾರ ಎಲ್ಲರೂ ಸೇರಿ ಯೆಮನ್ ಮೇಲಿನ ದಾಳಿಯ ಬಗ್ಗೆ ಒಂದು ಸಿಗ್ನಲ್ ಗ್ರೂಪಿನಲ್ಲಿ ಮಾತಾಡಿಕೊಂಡರು. ಆ ಗ್ರೂಪಿನಲ್ಲಿ ದಿ ಅಟ್ಲಾಂಟಿಕ್ ಪತ್ರಿಕೆಯ ಸಂಪಾದಕ ಜೆಫ್ರಿ ಗೋಲ್ಡ್‌ಬರ್ಗ್ ಕೂಡ ಇದ್ದರು. ಯಾರೋ ಕೈತಪ್ಪಿ ಸೇರಿಸಿದ್ದರು. 77 ಅಂಕಿಯ ಗಣಿತ ತನ್ನ ಕೆಲಸವನ್ನು ಚಾಚೂ ತಪ್ಪದೆ ಮಾಡಿತು, ಪ್ರತಿ ಸಂದೇಶವನ್ನೂ ಗುಟ್ಟಾಗಿ, ಭದ್ರವಾಗಿ ಸಂಪಾದಕರ ಫೋನಿಗೂ ತಲುಪಿಸಿತು. ಈ ತಂತ್ರಾಂಶಗಳ ಸುರಕ್ಷತೆಯ ಮಾತು ಬಂದಾಗ ಬೀಗದ ಬಗ್ಗೆ ಗಂಟೆಗಟ್ಟಲೆ ಕೊರೆಯುವವರು ಪಟ್ಟಿಯ ಬಗ್ಗೆ ಎರಡು ನಿಮಿಷವೂ ಮಾತಾಡುವುದಿಲ್ಲ ಎನ್ನುವುದು ನನ್ನ ಹಳೆಯ ದೂರು.

ಪಟ್ಟಿಯ ಸಮಸ್ಯೆಗೆ ಗಣಿತದ ಮುಖವೂ ಇದೆ. ಗುಂಪಿನಿಂದ ಒಬ್ಬ ಹೊರಬಿದ್ದ ಕೂಡಲೇ ಉಳಿದವರೆಲ್ಲರ ಕೀಲಿ ಬದಲಾಗಬೇಕು, ಇಲ್ಲವಾದರೆ ಹೋದವನ ಜೇಬಿನಲ್ಲಿ ಹಳೆಯ ಕೀಲಿ ಹಾಗೇ ಇರುತ್ತದೆ. ಸಾವಿರ ಜನರ ಗುಂಪಾದರೆ ಒಬ್ಬೊಬ್ಬರಿಗೂ ಬೇರೆ ಬೇರೆ ಹೊಸ ಕೀಲಿ ಮುಟ್ಟಿಸಬೇಕು, ಅಂದರೆ ಸಾವಿರ ಸಲ ಅಲೆದಾಟ. 2023ರ ಜುಲೈನಲ್ಲಿ ಅಂತರಜಾಲದ ಮಾನಕವಾಗಿ ಹೊರಬಂದ ಎಂಎಲ್‌ಎಸ್ ಎಂಬ ವಿಧಾನ ಇದಕ್ಕೊಂದು ಚೆಂದದ ಉಪಾಯ ಹೂಡಿತು. ಕಬಡ್ಡಿ ಪಂದ್ಯಾವಳಿಯ ನಾಕೌಟ್ ಪಟ್ಟಿಯನ್ನು ನೆನಪಿಸಿಕೊಳ್ಳಿ. 1024 ತಂಡಗಳಿದ್ದರೂ ಹತ್ತು ಸುತ್ತಿಗೆ ಆಟ ಮುಗಿಯುತ್ತದೆ. ಸದಸ್ಯರನ್ನೂ ಹಾಗೇ ಜೋಡಿ ಜೋಡಿಯಾಗಿ ಮರದಂತೆ ಜೋಡಿಸಿದರೆ, ಒಬ್ಬ ಹೋದಾಗ ಅವನ ಎಲೆಯಿಂದ ಬೇರಿನವರೆಗಿನ ಹತ್ತು ಗಂಟುಗಳ ಕೀಲಿ ಬದಲಾಯಿಸಿದರೆ ಸಾಕು. ಆದರೆ ಇಷ್ಟೆಲ್ಲ ಶುರುವಾಗಬೇಕಾದರೆ ಯಾರಾದರೂ ಒಬ್ಬರು 'ತೆಗೆಯಿರಿ' ಎನ್ನುವ ಗುಂಡಿ ಒತ್ತಬೇಕು. ಆ ಬೆರಳು ಯಾವ ಮಾನಕದಲ್ಲೂ ಇಲ್ಲ.

ಇಲ್ಲೊಂದು ವ್ಯತ್ಯಾಸ ಹೇಳಿಬಿಡಬೇಕು, ಎಷ್ಟೋ ಕಚೇರಿಗಳಲ್ಲಿ ಇದು ಗೊತ್ತಿಲ್ಲದೆ ಪೇಚಾಟವಾಗುತ್ತದೆ. ವಾಟ್ಸ್‌ಆ್ಯಪ್ ಗ್ರೂಪಿಗೆ ಹೊಸಬ ಸೇರಿದರೆ ಸಾಮಾನ್ಯವಾಗಿ ಅವತ್ತಿನಿಂದ ಮುಂದಿನದು ಮಾತ್ರ ಅವನಿಗೆ ಕಾಣುತ್ತದೆ. ಸ್ಲ್ಯಾಕಿನಂಥ ಕಚೇರಿ ತಂತ್ರಾಂಶದ ಚಾನೆಲ್ಲಿಗೆ ಹೊಸಬ ಸೇರಿದರೆ ಸಾಮಾನ್ಯವಾಗಿ ಮೊದಲ ದಿನದಿಂದ ಅಲ್ಲಿ ಆಡಿದ ಮಾತೆಲ್ಲ ಅವನ ಮುಂದೆ ಬಿಚ್ಚಿಕೊಳ್ಳುತ್ತದೆ, ಅವನ ಬಗ್ಗೆಯೇ ನೀವು ಆಡಿಕೊಂಡದ್ದೂ ಸೇರಿ. ಅದು ದೋಷವಲ್ಲ, ಬೇಕೆಂದೇ ಹಾಗೆ ಕಟ್ಟಿದ್ದು. ಹಳೆಯ ಮಾತುಕತೆಯನ್ನು ಹುಡುಕಿ ತೆಗೆಯುವುದೇ ಅದರ ಮುಖ್ಯ ಉಪಯೋಗ. ಇಂಥ ತಂತ್ರಾಂಶಗಳಲ್ಲಿ ಸಂದೇಶವು ದಾರಿಯಲ್ಲೂ ಸರ್ವರಿನ ಡಿಸ್ಕಿನ ಮೇಲೂ ಬೀಗದೊಳಗೇ ಇರುತ್ತದೆ, ನಿಜ. ಆದರೆ ಬೀಗದ ಕೀಲಿ ಸೇವೆ ಕೊಡುವವರ ಕೈಯಲ್ಲಿ. ಕಂಪನಿಯ ಅಡ್ಮಿನ್ ಮನಸ್ಸು ಮಾಡಿದರೆ ಹಳೆಯ ಮಾತನ್ನು ಹೊರತೆಗೆಯುವ ದಾರಿಗಳೂ ಇವೆ. ಕಚೇರಿಯ ಚಾಟಿನಲ್ಲಿ ಬರೆದದ್ದು ಕಚೇರಿಯ ಕಡತ ಎಂದುಕೊಂಡೇ ಬರೆಯಬೇಕು.

ಕ್ಯಾಂಪಿಗೆ ವಾಪಸ್ ಬರೋಣ. 2021ರ ಫೆಬ್ರವರಿಯಲ್ಲಿ ರಕ್ಷಣಾ ಸಚಿವಾಲಯ ದೇಶದ 62 ಕಂಟೋನ್ಮೆಂಟ್ ಬೋರ್ಡುಗಳಿಗೂ ಒಟ್ಟಿಗೆ ಇ-ಛಾವಣಿ ಎಂಬ ಪೋರ್ಟಲ್ ತೆರೆಯಿತು. ಲೀಸ್ ನವೀಕರಣ, ಜನನ-ಮರಣ ಪ್ರಮಾಣಪತ್ರ, ನೀರಿನ ಸಂಪರ್ಕ, ಟ್ರೇಡ್ ಲೈಸೆನ್ಸು, ತೆರಿಗೆ ಎಲ್ಲಕ್ಕೂ ಅರ್ಜಿ ಅಲ್ಲೇ. ಕಟ್ಟಿದವರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಮತ್ತು ಎನ್‌ಐಸಿ ಜೊತೆಗೆ ಬೆಂಗಳೂರಿನ ಇಗವ್ ಫೌಂಡೇಶನ್ ಇತ್ತು. ಅರ್ಜಿದಾರರಿಗೆ ಇದು ಮನೆಯಿಂದ ತೆರಿಗೆ ಕಟ್ಟುವ ಅನುಕೂಲ, ಅಷ್ಟೇ. ಒಳಗಿನಿಂದ ನೋಡಿದರೆ ಇದೂ ಒಂದು ಕೂಡಿ ಕೆಲಸ ಮಾಡುವ ತಂತ್ರಾಂಶವೇ: ಒಂದು ಅರ್ಜಿ ಗುಮಾಸ್ತರ ಪರದೆಯಿಂದ ಪರಿಶೀಲಕರ ಪರದೆಗೆ, ಅಲ್ಲಿಂದ ಒಪ್ಪಿಗೆ ಕೊಡುವವರ ಪರದೆಗೆ ಸರಿಯುತ್ತ ಹೋಗುತ್ತದೆ.

ಇಂಥ ಕಡೆ ಅನುಮತಿ ಸಿಗುವುದು ಮನುಷ್ಯನಿಗಲ್ಲ, ಕುರ್ಚಿಗೆ. 1992ರಲ್ಲಿ ಅಮೆರಿಕದ ಮಾನಕ ಸಂಸ್ಥೆಯ ಡೇವಿಡ್ ಫೆರಾಯೊಲೊ ಮತ್ತು ರಿಚರ್ಡ್ ಕುನ್ ಈ ವಿಚಾರಕ್ಕೆ ಒಂದು ಶಾಸ್ತ್ರೀಯ ರೂಪ ಕೊಟ್ಟರು. ಪ್ರತಿಯೊಬ್ಬರ ಹೆಸರಿಗೂ ಇಂತಿಂಥ ಫೈಲು ಎಂದು ಬರೆಯುವ ಬದಲು ಮೊದಲು ಪಾತ್ರಗಳನ್ನು ಬರೆಯಬೇಕು: ದೂರು ದಾಖಲಿಸುವವರು, ಪರಿಶೀಲಿಸುವವರು, ಮಂಜೂರು ಮಾಡುವವರು. ಯಾವ ಪಾತ್ರಕ್ಕೆ ಏನೇನು ಕಾಣಬೇಕು ಎನ್ನುವುದು ಒಮ್ಮೆ ತೀರ್ಮಾನವಾಗುತ್ತದೆ; ಆಮೇಲೆ ಮನುಷ್ಯರು ಪಾತ್ರ ಹೊತ್ತು ಬರುತ್ತಾರೆ, ಇಳಿಸಿ ಹೋಗುತ್ತಾರೆ. ಎರಡು ಮೂರು ವರ್ಷಕ್ಕೊಮ್ಮೆ ಪೋಸ್ಟಿಂಗಾಗುವ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಾಹೇಬರು ಬದಲಾಗುತ್ತಾರೆ, ಬಂಗಲೆಯ ಬೋರ್ಡಿನ ಮೇಲೆ ಹೆಸರು ಅಳಿಸಿ ಹೊಸದು ಬರೆಯುತ್ತಾರೆ, ಬಂಗಲೆ ಅಲ್ಲೇ ಇರುತ್ತದೆ. ನಮ್ಮ ಕಚೇರಿಯ ಶೀಟಿನಲ್ಲಾದರೋ ಎಲ್ಲರೂ ಸಾಹೇಬರೇ ಆಗಿದ್ದರು. ಲಾರಿ ಚಾಲಕನಿಗೆ ಬೇಕಾದದ್ದು ಇವತ್ತು ಎಷ್ಟು ಗಡಿಗೆ ಏರಿಸಬೇಕು ಎನ್ನುವ ಲೆಕ್ಕವೊಂದೇ; ಅವನಿಗೆ ಕಾಣುತ್ತಿದ್ದದ್ದು ಎಲ್ಲರ ಸಂಬಳ.

ಸಂದೇಶದ ಆ್ಯಪ್‌ಗಳ ವಿಷಯದಲ್ಲಿ ಸೇನೆ ತನ್ನದೇ ದಾರಿ ಹಿಡಿಯಿತು. 2020ರ ಜುಲೈನಲ್ಲಿ ಫೇಸ್‌ಬುಕ್ ಸೇರಿ 89 ಆ್ಯಪ್‌ಗಳನ್ನು ಫೋನಿನಿಂದ ತೆಗೆಯಲು ಸೈನಿಕರಿಗೆ ಆದೇಶವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಸಾಯಿ ಎಂಬ ಸ್ವಂತ ಸಂದೇಶ ಆ್ಯಪು ಬಂತು. 2021ರ ಡಿಸೆಂಬರಿನಲ್ಲಿ ಸೇನೆಯದೇ ಸಿಗ್ನಲ್ಸ್ ಕೋರ್ ಕಟ್ಟಿದ ಆಸಿಗ್ಮಾ ಎಂಬ ಸಂದೇಶ ತಂತ್ರಾಂಶ, ಅದಕ್ಕೂ ಮುಂಚೆ ಹದಿನೈದು ವರ್ಷ ದುಡಿದ ಆವಾನ್ ವ್ಯವಸ್ಥೆಯ ಜಾಗಕ್ಕೆ ಕುಳಿತಿತು. ಅದರ ವಿಶೇಷಗಳೆಂದು ಸರಕಾರ ಹೇಳಿದ್ದರಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಗೂಢಲಿಪಿಯಲ್ಲ, ಕಾಲಕಾಲಕ್ಕೆ ಬದಲಾಗುತ್ತ ಹೋಗುವ ವಿಳಾಸ ಪುಸ್ತಕ. ದೇಶದ ತುಂಬ ವರ್ಗವಾಗುತ್ತಲೇ ಇರುವ ಲಕ್ಷಾಂತರ ಜನರಲ್ಲಿ ಇವತ್ತು ಯಾರು ಯಾವ ಕುರ್ಚಿಯಲ್ಲಿದ್ದಾರೆ ಎನ್ನುವ ಪಟ್ಟಿ. ಪಟ್ಟಿಯ ಬೆಲೆ ಅವರಿಗೆ ಗೊತ್ತು.

ಇನ್ನು ಹಂಚಿಕೊಂಡ ಕಡತದ ವಿಚಾರ. ನನಗೆ ಬಲು ಇಷ್ಟವಾದ ಭಾಗ ಇದು.

ರೈಲಿನ ಒಂಟಿ ಹಳಿಯ ಕಾಲದಲ್ಲಿ ಒಂದು ನಿಲ್ದಾಣದಿಂದ ಮುಂದಿನ ನಿಲ್ದಾಣಕ್ಕೆ ಗಾಡಿ ಹೊರಡಬೇಕಾದರೆ ಡ್ರೈವರನ ಕೈಗೆ ಒಂದು ಟೋಕನ್ ಬರಬೇಕಿತ್ತು. ಆ ಹಳಿಯ ತುಂಡಿಗೆ ಹೊರಗಿರುವ ಟೋಕನ್ ಒಂದೇ ಒಂದು. ಅದು ನಿಮ್ಮ ಕೈಯಲ್ಲಿದ್ದರೆ ಎದುರಿನಿಂದ ಇನ್ನೊಂದು ಗಾಡಿ ಬರುವ ಮಾತೇ ಇಲ್ಲ. ಹಳೆಯ ಕಚೇರಿ ತಂತ್ರಾಂಶಗಳು ಫೈಲನ್ನು ಕಾಯುತ್ತಿದ್ದದ್ದೂ ಹೀಗೇ. ಒಬ್ಬರು ತೆರೆದರೆ ಉಳಿದವರಿಗೆ 'ಇನ್ನೊಬ್ಬರು ಬಳಸುತ್ತಿದ್ದಾರೆ' ಎಂಬ ಸೂಚನೆ. ಅಪಘಾತವಿಲ್ಲ, ಆದರೆ ಫೈಲು ತೆರೆದಿಟ್ಟವರು ಊಟಕ್ಕೆ ಹೋದರೆ ಇಡೀ ಕಚೇರಿ ಉಪವಾಸ.

ಈಗಿನವು ಟೋಕನ್ನೇ ಇಲ್ಲದೆ ಒಂದೇ ಹಳಿಯ ಮೇಲೆ ಹತ್ತು ಗಾಡಿ ಓಡಿಸುತ್ತವೆ. ಹೇಗೆ? ನಮ್ಮ ಟಿಪ್ಪಣಿಯ ಒಂದು ಸಾಲನ್ನೇ ತೆಗೆದುಕೊಳ್ಳಿ: 'ಗಡಿಗೆ 40'. ಕ್ಯಾಂಪಿನಲ್ಲಿ ನಾನು ಅದರ ಮುಂದೆ 'ದೊಡ್ಡ' ಎಂದು ಸೇರಿಸುತ್ತೇನೆ. ಅದೇ ಗಳಿಗೆಯಲ್ಲಿ ಖಾನಾಪುರದ ಕಾಡಂಚಿನಲ್ಲಿ ಎಲ್ಲೋ ನೆಟ್‌ವರ್ಕ್ ಸಿಗದ ಕಡೆ ನಿಂತ ಕಾಕಾ ನಲವತ್ತನ್ನು ಅರವತ್ತು ಮಾಡುತ್ತಾರೆ. ಅವರ ಫೋನು ಬರೆದಿಟ್ಟುಕೊಳ್ಳುವುದು ಇಷ್ಟೇ: 'ಏಳನೇ ಜಾಗದಲ್ಲಿರುವ 4ನ್ನು ತೆಗೆದು 6 ಹಾಕು'. ಗ, ಡ, ಗುಡಿಸು, ಗ, ಎತ್ವ, ಖಾಲಿ ಜಾಗ, 4 ಎಂದು ಎಣಿಸಿದರೆ ಏಳು ಸರಿಯಾಗಿದೆ. ಕಂಪ್ಯೂಟರಿಗೆ ನಮ್ಮ ಗುಡಿಸು, ಕೊಂಬು, ವಿರಾಮ ಎಲ್ಲವೂ ಬೇರೆ ಬೇರೆ ಅಕ್ಷರಗಳೇ. 'ಕ್ಯಾಂಪ್' ಎಂಬ ಪುಟ್ಟ ಪದವನ್ನು ಅದು ಏಳು ಎಂದು ಎಣಿಸುತ್ತದೆ.

ಅರ್ಧ ಗಂಟೆ ಬಿಟ್ಟು ಕಾಕಾರ ಫೋನಿಗೆ ಸಿಗ್ನಲ್ ಸಿಕ್ಕಿತು ಅನ್ನಿ. ಅಷ್ಟರಲ್ಲಿ ಇಲ್ಲಿ ಸಾಲು 'ದೊಡ್ಡ ಗಡಿಗೆ 40' ಆಗಿದೆ. ಅವರ ಆದೇಶವನ್ನು ಸರ್ವರು ಹಾಗೇ ಪಾಲಿಸಿದರೆ ಏಳನೇ ಜಾಗದಲ್ಲಿ ಸಿಗುವುದು ಗಡಿಗೆಯ ಮೊದಲ 'ಗ'. ಸಾಲು 'ದೊಡ್ಡ 6ಡಿಗೆ 40' ಆಗಿಬಿಡುತ್ತದೆ! ಹಾಗಾಗದಂತೆ ಸರ್ವರು ಒಂದು ಸಣ್ಣ ಲೆಕ್ಕ ಮಾಡುತ್ತದೆ: ಕಾಕಾ ಈ ಆದೇಶ ಬರೆದ ಮೇಲೆ ಅದರ ಎಡಗಡೆ ಆರು ಅಕ್ಷರ ಹೊಸದಾಗಿ ಸೇರಿವೆ, 'ದೊಡ್ಡ' ಎಂಬುದಕ್ಕೆ ಐದು, ಖಾಲಿ ಜಾಗಕ್ಕೆ ಒಂದು, ಆದ್ದರಿಂದ ಏಳು ಎಂದದ್ದನ್ನು ಹದಿಮೂರು ಎಂದು ಓದಿಕೊಳ್ಳಬೇಕು. 'ದೊಡ್ಡ ಗಡಿಗೆ 60'. ಎರಡೂ ಕಡೆ ಒಂದೇ ಸಾಲು. 1989ರಲ್ಲಿ ಎಲ್ಲಿಸ್ ಮತ್ತು ಗಿಬ್ಸ್ ಎಂಬಿಬ್ಬರು ಮುಂದಿಟ್ಟ ಈ ಆಲೋಚನೆಯ ಮೇಲೆಯೇ ಗೂಗಲ್ ಡಾಕ್ಸ್ ನಿಂತಿದೆ.

ಆದರೆ ಯಂತ್ರಕ್ಕೆ ಗೊತ್ತಾಗುವುದು ಜಾಗ, ಅರ್ಥವಲ್ಲ. ಶೀಟಿನ ಒಂದೇ ಚೌಕದಲ್ಲಿ ನಾನು 50 ಎಂದು, ಕಾಕಾ 60 ಎಂದು ಬರೆದರೆ ಸಾಮಾನ್ಯವಾಗಿ ಕೊನೆಗೆ ಮುಟ್ಟಿದ್ದೇ ಉಳಿಯುತ್ತದೆ. ಗೋದಾಮಿನಲ್ಲಿ ನಿಜಕ್ಕೂ ಎಷ್ಟು ಗಡಿಗೆ ಇವೆ ಎಂಬುದನ್ನು ಯಾವ ಸೂತ್ರವೂ ಹೇಳುವುದಿಲ್ಲ. ಅದಕ್ಕೇ ಕೊನೆಗೆ ನಾವು ಮಾಡಿಕೊಂಡ ಕಟ್ಟಳೆ ತೀರಾ ಸರಳವಾಗಿತ್ತು: ದಾಸ್ತಾನಿನ ಕಾಲಂ ಕಾಕಾ ಒಬ್ಬರದು, ದರದ ಕಾಲಂ ನನ್ನೊಬ್ಬನದು. ಉಳಿದವರು ನೋಡಬಹುದು, ಮುಟ್ಟುವಂತಿಲ್ಲ. ತಪ್ಪಿದರೆ ಹಳೆಯ ಆವೃತ್ತಿಗೆ ಹಿಂದಿರುಗುವ ಗುಂಡಿ ಇದ್ದೇ ಇದೆ; ಅದು ಇದೆ ಎಂದು ಗೊತ್ತಿರುವವರು ಮಾತ್ರ ಕಡಿಮೆ.

ಹಂಚಿಕೊಂಡ ಕಡತವನ್ನು ಹುಡುಕುವ ಫಜೀತಿಯಂತೂ ಬೆಳಗಾವಿಯವರಿಗೆ ತುಸು ಹೆಚ್ಚೇ. 2014ರ ನವೆಂಬರ್ 1ರಂದು ಊರಿನ ಅಧಿಕೃತ ಇಂಗ್ಲಿಷ್ ಹೆಸರು ಬೆಲ್ಗಾಮ್ ಹೋಗಿ ಬೆಳಗಾವಿ ಆಯಿತು. ನಮ್ಮ ಕಡತಗಳಲ್ಲಿ ಬೆಳಗಾವಿ, ಬೆಳಗಾಂ, ಮರಾಠಿಯ ಬೆಳಗಾಂವ್, ಹಳೆಯ ಮತ್ತು ಹೊಸ ಇಂಗ್ಲಿಷ್ ಕಾಗುಣಿತ ಎಲ್ಲವೂ ಇದ್ದವು. ಕನ್ನಡ, ಮರಾಠಿ, ಉರ್ದು, ಕೊಂಕಣಿ ಒಂದೇ ಟೇಬಲ್ಲಿನ ಮೇಲೆ ಚಹಾ ಕುಡಿಯುವ ಊರು. ಒಬ್ಬೊಬ್ಬರು ಒಂದೊಂದು ಲಿಪಿಯಲ್ಲಿ ಫೈಲಿಗೆ ಹೆಸರಿಡುತ್ತಾರೆ. ಹುಡುಕುವ ಪೆಟ್ಟಿಗೆಗೆ ಇವೆಲ್ಲ ಒಂದೇ ಊರೆಂದು ಗೊತ್ತಾಗಬೇಕೆಂದಿಲ್ಲ, ಅದು ನೋಡುವುದು ಅಕ್ಷರದ ಸಾಲನ್ನು. ಇನ್ನೂ ಹಳೆಯ ನುಡಿ ಫಾಂಟಿನ ಕಡತಗಳದ್ದು ಬೇರೆಯೇ ಕಥೆ. ಯೂನಿಕೋಡ್ ಅಲ್ಲದ ಆ ಅಕ್ಷರಗಳು ಕಣ್ಣಿಗೆ ಕನ್ನಡ, ಯಂತ್ರಕ್ಕೆ ಬರೀ ಅಡ್ಡಾದಿಡ್ಡಿ ರೋಮನ್. ವರ್ಷಾನುಗಟ್ಟಲೆ ಟೈಪು ಮಾಡಿ ಕ್ಲೌಡಿಗೆ ಏರಿಸಿಟ್ಟ ಕನ್ನಡ ಕಾಗದಗಳು, ಒಂದು ಪದವೂ ಹುಡುಕಾಟಕ್ಕೆ ಸಿಗದೆ, ಅಟ್ಟದ ಮೇಲಿನ ಗಂಟಿನಂತೆ ಬಿದ್ದಿರುತ್ತವೆ. ಯೂನಿಕೋಡಿಗೆ ಪರಿವರ್ತಿಸುವ ಸಲಕರಣೆಗಳು ಪುಕ್ಕಟೆ ಸಿಗುತ್ತವೆ. ಒಂದು ವಾರ ಕುಳಿತು ಆ ಕೆಲಸ ಮಾಡಿದ ಕಚೇರಿಗೆ ಆಮೇಲೆ ದಿನವೂ ಉಳಿತಾಯ. ಫೈಲಿನ ಹೆಸರು ಮೊದಲು ತಾರೀಖು, ಆಮೇಲೆ ಊರು, ಆಮೇಲೆ ವಿಷಯ ಎಂದು ಗೊತ್ತು ಮಾಡಿಕೊಂಡರೆ 'ಫೈನಲ್', 'ಹೊಸ ಫೈನಲ್', 'ಇದೇ ಫೈನಲ್' ಎನ್ನುವ ಸಂತತಿ ಅಲ್ಲಿಗೆ ನಿಲ್ಲುತ್ತದೆ.

ಗ್ರೂಪಿನ ಗದ್ದಲದ ಬಗ್ಗೆಯೂ ಎರಡು ಮಾತು. ಮೂವತ್ತೊಂದು ಜನರ ಗುಂಪಿನಲ್ಲಿ ಇಬ್ಬಿಬ್ಬರ ಜೋಡಿಗಳು 465. ಎಲ್ಲ ಮಾತೂ ಎಲ್ಲರಿಗೂ ಕೇಳಿಸುವಂತಿದ್ದರೆ ಯಾರೂ ಯಾವುದನ್ನೂ ಕೇಳಿಸಿಕೊಳ್ಳುವುದಿಲ್ಲ. ಬೆಳಗಾವಿಯ ಸಿಹಿ ತಿನಿಸು ಕುಂದಾ ಮಾಡುವವರನ್ನು ನೋಡಿ: ಬಾಣಲೆಯಲ್ಲಿ ಹಾಲು ಇಂಗುತ್ತಿರುವಾಗ ಸೌಟು ನಿಲ್ಲಿಸಿದರೆ ತಳ ಹತ್ತುತ್ತದೆ, ಒಂದು ನಿಮಿಷ ಫೋನು ನೋಡಿದ ವಾಸನೆ ಇಡೀ ಬಾಣಲೆಗೆ ಅಂಟುತ್ತದೆ. ತಲೆಯ ಕೆಲಸದಲ್ಲಿ ಆ ಸುಟ್ಟ ವಾಸನೆ ಬರುವುದಿಲ್ಲ, ಅದಕ್ಕೇ ನಮಗೆ ಗೊತ್ತಾಗುವುದಿಲ್ಲ. ಒಂದು ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದಾಗ ಗಮನದ ಒಂದು ಪಾಲು ಹಿಂದಿನದರಲ್ಲೇ ಅಂಟಿಕೊಂಡಿರುತ್ತದೆ ಎಂದು ಸೋಫಿ ಲೆರಾಯ್ 2009ರಲ್ಲಿ ತೋರಿಸಿದರು. ಗೋದಾಮಿನವರ ಗುಂಪು ಬೇರೆ, ದರದವರ ಗುಂಪು ಬೇರೆ, ಹುಟ್ಟುಹಬ್ಬ ಮತ್ತು ಗುಡ್ ಮಾರ್ನಿಂಗ್ ಹೂವಿಗೆ ಇನ್ನೊಂದು ಬೇರೆ ಮಾಡಿಬಿಟ್ಟರೆ ಗುಟ್ಟೂ ಉಳಿಯುತ್ತದೆ, ತಲೆಯೂ ಉಳಿಯುತ್ತದೆ.

ಕೊನೆಯದಾಗಿ ಆ ಕಿಟಕಿ, ವಿಡಿಯೋ ಕರೆ. ಇದನ್ನು ಬರೆಯುವಾಗ ಕೈ ಭಾರವಾಗುತ್ತದೆ. 2025ರ ಮಾರ್ಚಿನಲ್ಲಿ ಖಾನಾಪುರ ತಾಲೂಕಿನ ಒಂದು ಹಳ್ಳಿಯಲ್ಲಿ ವೃದ್ಧ ದಂಪತಿ ಪ್ರಾಣ ಬಿಟ್ಟರು. ಪೊಲೀಸ್ ಅಧಿಕಾರಿಯ ಸೋಗಿನಲ್ಲಿ ವಿಡಿಯೋ ಕರೆ ಮಾಡಿದವರು ಅವರನ್ನು 'ಡಿಜಿಟಲ್ ಅರೆಸ್ಟ್' ಮಾಡಿದ್ದೇವೆಂದು ಹೆದರಿಸಿ ಲಕ್ಷಗಟ್ಟಲೆ ಹಣ ಕಿತ್ತುಕೊಂಡಿದ್ದರು. ನಮ್ಮ ಯಾವ ಕಾನೂನಿನಲ್ಲೂ ಅಂಥದೊಂದು ಬಂಧನ ಇಲ್ಲ. ಅದರ ಹಿಂದಿನ ವರ್ಷ ಅರುಪ್ ಎಂಬ ದೊಡ್ಡ ಎಂಜಿನಿಯರಿಂಗ್ ಕಂಪನಿಯ ಹಾಂಗ್‌ಕಾಂಗ್ ಕಚೇರಿಯ ನೌಕರರೊಬ್ಬರು ಮೇಲಧಿಕಾರಿಗಳಿದ್ದ ವಿಡಿಯೋ ಮೀಟಿಂಗಿನಲ್ಲಿ ಕುಳಿತು, ಅವರು ಹೇಳಿದಂತೆ 20 ಕೋಟಿ ಹಾಂಗ್‌ಕಾಂಗ್ ಡಾಲರ್ ಕಳಿಸಿಬಿಟ್ಟರು. ಆ ಮೀಟಿಂಗಿನಲ್ಲಿ ನಿಜವಾದ ಮನುಷ್ಯ ಅವರೊಬ್ಬರೇ. ಉಳಿದ ಮುಖಗಳೆಲ್ಲ ಕಂಪ್ಯೂಟರು ಹೆಣೆದವು. ಹಳ್ಳಿಯ ಮನೆಗೂ ಜಾಗತಿಕ ಕಂಪನಿಗೂ ಬಂದದ್ದು ಒಂದೇ ಬಗೆಯ ಏಟು: ಪರದೆಯಲ್ಲಿ ಕಂಡ ಮುಖವನ್ನೇ ಗುರುತಿನ ಚೀಟಿ ಎಂದು ಒಪ್ಪಿಕೊಂಡದ್ದು.

ಸೇನೆಯ ಗೇಟಿನಲ್ಲಿ ಕತ್ತಲಾದ ಮೇಲೆ ಹೆಜ್ಜೆ ಸಪ್ಪಳ ಕೇಳಿದರೆ ಕಾವಲಿನವನು 'ಥಮ್, ಕೌನ್ ಆತಾ ಹೈ' ಎಂದು ಕೂಗುತ್ತಾನೆ. ಬಂದವರ ಸಮವಸ್ತ್ರ, ದನಿ, ಗತ್ತು ಯಾವುದೂ ಅವನಿಗೆ ಸಾಲದು, ಆ ರಾತ್ರಿಯ ಸಂಕೇತ ಪದ ಬೇಕು. ಕಚೇರಿಗೂ ಇದೇ ಅಭ್ಯಾಸ ಒಳ್ಳೆಯದು. ಹಣದ ಮಾತು, ಪಾಸ್‌ವರ್ಡಿನ ಮಾತು ಯಾವ ಕಿಟಕಿಯಲ್ಲೇ ಬರಲಿ, ಇನ್ನೊಂದು ದಾರಿಯಿಂದ, ನಮ್ಮ ಬಳಿ ಮೊದಲೇ ಇದ್ದ ನಂಬರಿಗೆ ನಾವೇ ಫೋನು ಮಾಡಿ ಕೇಳುವುದು. ಫೋನಿನ ಆ್ಯಪಿನಲ್ಲಿ ಮೂವತ್ತು ಸೆಕೆಂಡಿಗೊಮ್ಮೆ ಬದಲಾಗುವ ಆರಂಕಿ ಸಂಖ್ಯೆಯೂ ಒಂದು ಸಂಕೇತ ಪದವೇ. ನಿಮ್ಮ ಫೋನು ಮತ್ತು ಸರ್ವರು ಮೊದಲೇ ಹಂಚಿಕೊಂಡ ಗುಟ್ಟನ್ನು ಗಡಿಯಾರದ ಹೊತ್ತಿನೊಂದಿಗೆ ಅರೆದರೆ ಬರುವ ಸಂಖ್ಯೆ ಅದು. ಅದನ್ನು ಫೋನಿನಲ್ಲಿ ಯಾರಿಗಾದರೂ ಓದಿ ಹೇಳುವುದೆಂದರೆ ಸಂಕೇತ ಪದವನ್ನು ಬೇಲಿಯಾಚೆಗೆ ಕೂಗಿ ಹೇಳಿದಂತೆ. 2022ರ ಸೆಪ್ಟೆಂಬರಿನಲ್ಲಿ ಊಬರ್ ಕಂಪನಿಯೊಳಗೆ ನುಗ್ಗಿದವನು ಗಣಿತವನ್ನೇನೂ ಮುರಿಯಲಿಲ್ಲ. 'ಒಪ್ಪಿಗೆ ಕೊಡಿ' ಎಂಬ ಸೂಚನೆಯನ್ನು ಒಬ್ಬ ಗುತ್ತಿಗೆದಾರರ ಫೋನಿಗೆ ಮತ್ತೆ ಮತ್ತೆ ಕಳಿಸಿದ. ಬೇಸತ್ತು ಒಂದು ಸಲ ಅವರು ಒತ್ತಿಬಿಟ್ಟರು. ಒಳಗೆ ಹೋದವನು ಕಂಪನಿಯ ಸ್ಲ್ಯಾಕಿನಲ್ಲೇ 'ನಾನು ನುಗ್ಗಿದ್ದೇನೆ' ಎಂದು ಸಾರಿದಾಗ ಎಷ್ಟೋ ನೌಕರರು ತಮಾಷೆ ಎಂದುಕೊಂಡರಂತೆ. ಇನ್ನು ಹಣ ಹೋಯಿತು ಎಂದು ಗೊತ್ತಾದ ಕೂಡಲೇ 1930ಕ್ಕೆ ಫೋನು ಮಾಡಬೇಕು. ಮೊದಲ ಕೆಲವು ಗಂಟೆಗಳಲ್ಲೇ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ನಮ್ಮ ಕಚೇರಿಯ ಕಥೆ ಹೀಗೆ ಮುಗಿಯಿತು. ಪಟ್ಟಿ ತೆರೆದು ನೋಡಿದ ಆ ಸಂಜೆಯೇ ಒಂಬತ್ತು ಹೆಸರು ತೆಗೆದೆವು. ತೆಗೆದ ಮೇಲೆ ಹೊಳೆಯಿತು, ಶೀಟಿನ ಲಿಂಕು 'ಲಿಂಕ್ ಇದ್ದವರಿಗೆಲ್ಲ' ಎಂದೇ ಇದೆ. ಗ್ರೂಪಿನಿಂದ ಹೊರಹಾಕಿದರೂ ಹಿತ್ತಲ ಬಾಗಿಲು ತೆರೆದೇ ಇತ್ತು. ಅದನ್ನೂ ಮುಚ್ಚಿ ಹೊಸ ಲಿಂಕು ಮಾಡಿದೆವು. ಮರುದಿನ ಕಾಕಾ ಖಾನಾಪುರದಿಂದ ಬರುವಾಗ ಒಂದು ರಟ್ಟಿನ ನೋಟುಬುಕ್ಕು ತಂದಿದ್ದರು, ಅಡಿಪಟ್ಟಿ ಹಿಡಿದು ಗೆರೆ ಎಳೆದದ್ದು. ಹೆಸರು, ಸೇರಿದ ದಿನ, ಯಾವ ಯಾವ ಗ್ರೂಪು, ಯಾವ ಯಾವ ಶೀಟು, ಹೊರಹೋದ ದಿನ.

"ಕಂಪ್ಯೂಟರಿನ್ಯಾಗ ಎಲ್ಲಾ ಇರತೈತಲ್ರೀ ಕಾಕಾ" ಅಂದೆ.

"ಇರತೈತ್ರೀ ಸರ. ನೋಡಾವ್ರು ಯಾರು?"

ಎರಡು ವರ್ಷದ ಮೇಲೆ ನಾನು ಆ ಕೆಲಸ ಬಿಟ್ಟೆ. ಕೊನೆಯ ದಿನ ಚಹಾ ಆಯಿತು, ಪೊಟ್ಟಣದಲ್ಲಿ ಕುಂದಾ ಕೊಟ್ಟರು, ಯಾರೋ ಹಾರ ಹಾಕಿದರು. ಹೊರಡಲು ಚಪ್ಪಲಿ ಮೆಟ್ಟುವಾಗ ಕಾಕಾ ಆ ನೋಟುಬುಕ್ಕು ಹಿಡಿದುಕೊಂಡು ಬಾಗಿಲಿಗೆ ಬಂದರು. ನನ್ನ ಹೆಸರಿನ ಸಾಲಿನಲ್ಲಿ ನಾಲ್ಕು ಗ್ರೂಪು, ಆರು ಶೀಟು ಬರೆದಿತ್ತು, ಪ್ರತಿಯೊಂದರ ಮುಂದೆ ಕೆಂಪು ಪೆನ್ನಿನ ಗುರುತು. ನನ್ನ ಜೇಬಿನಲ್ಲಿ ಫೋನು ನಾಲ್ಕು ಸಲ ಗುಂಯ್‌ಗುಟ್ಟಿತು.

"ಸಿಟ್ಟಾಗಬ್ಯಾಡ್ರಿ ಸರ. ಇಲ್ಲೊಂದು ಸಹಿ ಮಾಡ್ರಿ, ಟೈಮೂ ಬರೀರಿ."

ಗೋಡೆಯ ಗಡಿಯಾರ ನೋಡಿ ಐದು ನಲವತ್ತು ಎಂದು ಬರೆದೆ.

"ನಿಮ್ಮ ಗಡಿಯಾರ ಐದ ನಿಮಿಷ ಮುಂದ ಐತ್ರಿ" ಎಂದು ಕಾಕಾ ಅದನ್ನು ತಿದ್ದಿಕೊಂಡರು.